ಹೊಸ ಲ್ಯಾಪ್‌ಟಾಪ್ ತಂದ್ರಾ? ಸೆಟಪ್ ನೀವೇ ಮಾಡಿ

ದುಡ್ಡು ಕೊಟ್ಟು ಬಿಲ್ ಕೈಗೆ ಬರುವ ಹೊತ್ತಿಗೆ ಅಂಗಡಿಯ ಹುಡುಗ ಕೇಳೇ ಕೇಳುತ್ತಾನೆ: ‘ಸೆಟಪ್ ಮಾಡಿ ಕೊಟ್ಬಿಡ್ಲಾ ಸರ್? ಅರ್ಧ ಗಂಟೆ ಅಷ್ಟೇ.’ ಬೇಡ ಅನ್ನಿ. ಅವನಿಗೆ ಕೆಲಸ ಗೊತ್ತಿಲ್ಲ ಅಂತಲ್ಲ, ನಮಗಿಂತ ಚೆನ್ನಾಗಿಯೇ ಗೊತ್ತು. ಆದರೆ ಹಿಂದೆ ಇನ್ನೂ ಮೂರು ಗಿರಾಕಿಗಳು ನಿಂತಿರುತ್ತಾರೆ. ಗಡಿಬಿಡಿಯಲ್ಲಿ ಯಾವುದೋ ಒಂದು ಇಮೇಲ್ ಹಾಕಿ ಅಕೌಂಟ್ ತೆರೆದುಬಿಡುತ್ತಾನೆ. ಅದರ ಪಾಸ್‌ವರ್ಡ್ ವಾರದಲ್ಲಿ ಅವನಿಗೇ ಮರೆತಿರುತ್ತದೆ, ನಿಮಗಂತೂ ಮೊದಲೇ ಗೊತ್ತಿರುವುದಿಲ್ಲ. ಒಂದೆರಡು ವರ್ಷ ಏನೂ ಆಗುವುದಿಲ್ಲ. ಆಮೇಲೊಂದು ದಿನ ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ 48 ಅಂಕೆಯ ಕೀ ಕೇಳುತ್ತದೆ. ಆ ಕೀ ಇರುವುದು ಅದೇ ಅಕೌಂಟಿನಲ್ಲಿ.

ಅದರ ವಿಷಯ ಮುಂದೆ ವಿವರವಾಗಿ ಬರುತ್ತದೆ. ಇಲ್ಲಿ ಹೇಳುತ್ತಿರುವುದೆಲ್ಲ ವಿಂಡೋಸ್ 11 ಹೋಮ್ ಇರುವ ಲ್ಯಾಪ್‌ಟಾಪ್ ಬಗ್ಗೆ. ಮನೆ ಬಳಕೆಗೆ ಅಂಗಡಿಯಲ್ಲಿ ಈಗ ಸಿಗುವುದು ಬಹುಪಾಲು ಅದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಮಾಮೂಲಿ ಸಪೋರ್ಟ್ ನಿಲ್ಲಿಸಿದ ಮೇಲೆ ಹಳೆಯದನ್ನು ಬದಲಾಯಿಸುವವರೂ ಜಾಸ್ತಿಯಾಗಿದ್ದಾರೆ. ಮ್ಯಾಕ್‌ಬುಕ್ ಕೊಂಡವರು ಕನ್ನಡ ಟೈಪಿಂಗ್ ಭಾಗಕ್ಕೆ ಕಣ್ಣು ಹಾಯಿಸಿದರೆ ಸಾಕು, ಅದೂ ಅರ್ಧಕ್ಕೆ ಮಾತ್ರ ಹೊಂದುತ್ತದೆ.

1. ಡಬ್ಬಿ ಬಿಚ್ಚುವಾಗ

ಆನ್‌ಲೈನಿನಲ್ಲಿ ತರಿಸಿದ್ದರೆ ಡಬ್ಬಿ ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ. ಸೀಲ್ ಒಡೆಯುವುದು, ಸೀರಿಯಲ್ ನಂಬರ್ ಎರಡೂ ಅದರಲ್ಲಿ ಕಾಣಲಿ. ಡಬ್ಬಿಯ ಮೇಲಿನ ನಂಬರ್, ಲ್ಯಾಪ್‌ಟಾಪಿನ ಅಡಿಯಲ್ಲಿರುವ ನಂಬರ್, ಬಿಲ್ಲಿನಲ್ಲಿ ಬರೆದಿರುವ ಸೀರಿಯಲ್ ನಂಬರ್ ಮೂರೂ ಒಂದೇ ಇರಬೇಕು. ಅದೇ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಯಾವತ್ತಿನಿಂದ ಶುರುವಾಗಿದೆ ನೋಡಿ. ನೀವು ಕೊಳ್ಳುವ ಎಷ್ಟೋ ತಿಂಗಳ ಮೊದಲೇ ಶುರುವಾಗಿದ್ದರೆ ಬಿಲ್ ಅಪ್‌ಲೋಡ್ ಮಾಡಿ ತಾರೀಖು ಸರಿಪಡಿಸಲು ಕೇಳಬಹುದು. ಬಿಲ್ಲಿನ ಫೋಟೊ ತೆಗೆದಿಡಿ. ಥರ್ಮಲ್ ಪೇಪರಿನ ಬಿಲ್ಲಾದರೆ ವರ್ಷದಲ್ಲಿ ಅಕ್ಷರ ಮಾಸಿಹೋಗುತ್ತದೆ.

ಡಬ್ಬಿಯ ಮೇಲೆ ಆಪರೇಟಿಂಗ್ ಸಿಸ್ಟಮ್ ಎಂಬ ಕಡೆ ‘ಡಾಸ್’ ಎಂದಿದ್ದರೆ ಅದರಲ್ಲಿ ವಿಂಡೋಸ್ ಇಲ್ಲ ಅಂತ ಅರ್ಥ. ಬೆಲೆ ಕಡಿಮೆ ಇರುವುದು ಅದಕ್ಕೇ. ‘ನಾವೇ ಹಾಕಿ ಕೊಡ್ತೀವಿ’ ಎಂದು ಯಾರಾದರೂ ಅಂದರೆ ಲೈಸೆನ್ಸ್ ಅಸಲಿಯಾ, ಬಿಲ್ಲಿನಲ್ಲಿ ಬರುತ್ತಾ ಅಂತ ಕೇಳಿ.

2. ಮೊದಲು ಚಾರ್ಜರ್

ಹೊಸ ಲ್ಯಾಪ್‌ಟಾಪ್ ಬಟನ್ ಒತ್ತಿದರೂ ಆನ್ ಆಗದಿದ್ದರೆ ಹೆದರಬೇಡಿ. ಎಷ್ಟೋ ಕಂಪನಿಗಳು ಸಾಗಾಟಕ್ಕೆಂದು ಬ್ಯಾಟರಿಯನ್ನು ಮಲಗಿಸಿಟ್ಟಿರುತ್ತವೆ. ಚಾರ್ಜರ್ ಚುಚ್ಚಿದರೆ ಎದ್ದೇಳುತ್ತದೆ. ಹಿಂದಿನ ಕಾಲದ ಹಾಗೆ ಎಂಟು ಗಂಟೆ ಚಾರ್ಜ್ ಮಾಡಿಯೇ ಮುಟ್ಟಬೇಕು ಎಂಬ ನಿಯಮ ಲಿಥಿಯಂ ಬ್ಯಾಟರಿಗೆ ಇಲ್ಲ.

ಮೆಟಲ್ ಬಾಡಿಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಅಂಗೈ ಇಡುವ ಜಾಗದಲ್ಲಿ ಜುಮ್ ಅನ್ನುತ್ತದಾ? ಚಾರ್ಜರ್ ಒಳಗಿನ ಫಿಲ್ಟರ್ ಮೂಲಕ ಸಣ್ಣ ಪ್ರಮಾಣದ ಕರೆಂಟ್ ಲ್ಯಾಪ್‌ಟಾಪಿನ ಮೈಗೆ ಬರುತ್ತದೆ. ಮೂರು ಪಿನ್ನಿನ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಸಿಕ್ಕರೆ ಅದು ಭೂಮಿಗೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಕೈ ಸಿಗುತ್ತದೆ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿಗೆ ವೈರೇ ಇರುವುದಿಲ್ಲ! ಸರ್ವಿಸ್ ಸೆಂಟರಿಗೆ ಓಡುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಎರಡು ಪಿನ್ನಿನ ಕನ್ವರ್ಟರ್ ಬಳಸುತ್ತಿದ್ದರೆ ಮೊದಲು ಅದನ್ನು ಕಿತ್ತು ಪಕ್ಕಕ್ಕಿಡಿ.

3. ಅದು ಕೇಳುತ್ತದೆ, ನೀವು ಯೋಚಿಸಿ ಉತ್ತರಿಸಿ

ಆನ್ ಆದ ಮೇಲೆ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತದೆ. ದೇಶಕ್ಕೆ ಇಂಡಿಯಾ. ಕೀಬೋರ್ಡಿಗೆ ‘ಇಂಗ್ಲಿಷ್ ಇಂಡಿಯಾ’ ಆರಿಸಿದರೆ ಒಂದು ಲಾಭವಿದೆ: ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ₹ ಬರುತ್ತದೆ.

ಮುಂದೆ ವೈಫೈ. ಹೋಮ್ ಆವೃತ್ತಿಯಲ್ಲಿ ಇಂಟರ್‌ನೆಟ್ ಇಲ್ಲದೆ ಮುಂದಕ್ಕೆ ಬಿಡುವುದಿಲ್ಲ. ಇಲ್ಲೇ ಅಪ್‌ಡೇಟುಗಳೂ ಇಳಿಯಲು ಶುರುವಾಗುವುದರಿಂದ, ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಈ ಕೆಲಸಕ್ಕೆ ಕೂರಬೇಡಿ. ಬ್ರಾಡ್‌ಬ್ಯಾಂಡ್ ಇರುವ ನೆಂಟರ ಮನೆಗೇ ಒಂದು ಸಂಜೆ ಹೋಗಿಬನ್ನಿ. ಹಾಟ್‌ಸ್ಪಾಟೇ ಗತಿ ಅನ್ನುವವರು ಸೆಟಪ್ ಮುಗಿದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಭಾಗಕ್ಕೆ ಹೋಗಿ, ಆ ಹಾಟ್‌ಸ್ಪಾಟಿನ ಹೆಸರು ತೆರೆದು ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ಆಗ ವಿಂಡೋಸ್ ತನ್ನಷ್ಟಕ್ಕೆ ದೊಡ್ಡ ಅಪ್‌ಡೇಟುಗಳನ್ನು ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ.

ಈಗ ಅಕೌಂಟ್. ಇಲ್ಲಿ ಹಾಕಬೇಕಾದದ್ದು ನೀವು ದಿನಾ ನೋಡುವ ಇಮೇಲ್, ನಿಮ್ಮ ಕೈಯಲ್ಲಿರುವ ಮೊಬೈಲ್ ನಂಬರ್. ಜಿಮೇಲ್ ವಿಳಾಸದಿಂದಲೂ ಮೈಕ್ರೋಸಾಫ್ಟ್ ಅಕೌಂಟ್ ತೆರೆಯಬಹುದು, ಔಟ್‌ಲುಕ್ಕೇ ಬೇಕೆಂದಿಲ್ಲ. ಆದರೆ ಜಿಮೇಲಿನ ಪಾಸ್‌ವರ್ಡ್ ಬೇರೆ, ಇದರದ್ದು ಬೇರೆ. ಒಂದೇ ಇಡಬೇಡಿ. ಅಪ್ಪ ಅಮ್ಮನಿಗೆ ಕೊಡಿಸುತ್ತಿದ್ದರೆ ಅವರದೇ ಹೆಸರಿನಲ್ಲಿ ಅಕೌಂಟ್ ಮಾಡಿ, ಪಾಸ್‌ವರ್ಡನ್ನು ಅವರು ಬ್ಯಾಂಕ್ ಪಾಸ್‌ಬುಕ್ ಇಡುವ ಜಾಗದಲ್ಲೇ ಬರೆದಿಡಿ. ಪಾಸ್‌ವರ್ಡ್ ಬರೆದಿಡಬಾರದು ಎನ್ನುವುದು ಆಫೀಸಿನವರ ಮಾತು. ಮನೆಯ ಬೀರುವಿನಲ್ಲಿ ಬರೆದಿಟ್ಟದ್ದಕ್ಕಿಂತ ಮರೆತುಹೋದದ್ದರಿಂದ ಆಗುವ ಕಷ್ಟ ಜಾಸ್ತಿ.

ಆಮೇಲೆ ಪಿನ್ ಕೇಳುತ್ತದೆ. ಈ ಪಿನ್ ಆ ಒಂದು ಲ್ಯಾಪ್‌ಟಾಪಿಗೆ ಮಾತ್ರ. ಬೇರೆಯವರಿಗೆ ಅದು ಗೊತ್ತಾದರೂ ಲ್ಯಾಪ್‌ಟಾಪ್ ಕೈಯಲ್ಲಿಲ್ಲದೆ ಉಪಯೋಗವಿಲ್ಲ.

ಪ್ರೈವೆಸಿ ಪುಟದಲ್ಲಿ ಎಲ್ಲವೂ ಆನ್ ಇರುತ್ತದೆ. ಲೊಕೇಶನ್, ಫೈಂಡ್ ಮೈ ಡಿವೈಸ್ ಎರಡನ್ನು ಬಿಟ್ಟು ಉಳಿದದ್ದನ್ನು ಆಫ್ ಮಾಡಿ. ಆ ಮೇಲೆ ಬರುವ ಆಫರುಗಳಿಗೆಲ್ಲ ‘ಸ್ಕಿಪ್’, ‘ನೋ ಥ್ಯಾಂಕ್ಸ್’ ಒತ್ತುತ್ತ ಹೋಗಿ. ಫ್ರೀ ಟ್ರಯಲ್ ಎಂದು ಕಾರ್ಡ್ ನಂಬರ್ ಕೇಳಿದರೆ ಕೊಡಬೇಡಿ.

4. ಆ 48 ಅಂಕೆ

ವಿಂಡೋಸ್ 11ರ ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಗೆ ಹೋದ ಕೂಡಲೇ ಸಾಮಾನ್ಯವಾಗಿ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲು ಆಗದ ಹಾಗೆ ಬೀಗ ಬೀಳುತ್ತದೆ. ನಿಮ್ಮನ್ನು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಇದು ಒಳ್ಳೆಯದೇ. ಬಸ್ಸಿನಲ್ಲಿ ಬ್ಯಾಗ್ ಕಳೆದುಹೋದರೆ ಸಿಕ್ಕವರು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ನಿಮ್ಮ ಫೋಟೊ, ಬ್ಯಾಂಕ್ ಸ್ಟೇಟ್‌ಮೆಂಟ್ ಏನೂ ಕಾಣುವುದಿಲ್ಲ.

ಆದರೆ ಮದರ್‌ಬೋರ್ಡ್ ಬದಲಾಯಿಸಿದಾಗ, ಕೆಲವೊಮ್ಮೆ ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೂ ಲ್ಯಾಪ್‌ಟಾಪಿಗೆ ಅನುಮಾನ ಬರುತ್ತದೆ. ಆಗ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಬಿಟ್‌ಲಾಕರ್ ಎಂದರೆ ಆ ಬೀಗದ ಹೆಸರು, ಮೊದಲು ಹೇಳಿದ 48 ಅಂಕೆ ಇದೇ ಕೀ. ಆ ಕೀ ಇಲ್ಲದಿದ್ದರೆ ಸರ್ವಿಸ್ ಸೆಂಟರಿನವರ ಕೈಯಲ್ಲೂ ಆಗುವುದಿಲ್ಲ, ಮೈಕ್ರೋಸಾಫ್ಟ್ ಕೂಡ ಹೊಸದು ಮಾಡಿಕೊಡುವುದಿಲ್ಲ. ಎಲ್ಲ ಅಳಿಸಿ ಮತ್ತೆ ವಿಂಡೋಸ್ ಹಾಕುವುದೊಂದೇ ದಾರಿ.

ಹಾಗಾಗಿ ಮೊದಲ ದಿನವೇ ಹೀಗೆ ಮಾಡಿ. ಸೆಟ್ಟಿಂಗ್ಸ್ ತೆರೆದು ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’ ಒಳಗೆ ‘ಡಿವೈಸ್ ಎನ್‌ಕ್ರಿಪ್ಶನ್’ ಆನ್ ಇದೆಯಾ ನೋಡಿ. ಇದ್ದರೆ, ಮೊಬೈಲಿನ ಬ್ರೌಸರಿನಲ್ಲಿ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ. ಅಲ್ಲಿ ‘ಡಿವೈಸಸ್’ ಪುಟದಲ್ಲಿ ನಿಮ್ಮ ಲ್ಯಾಪ್‌ಟಾಪ್ ಕಾಣುತ್ತದೆ, ಅದರ ವಿವರ ತೆರೆದರೆ ರಿಕವರಿ ಕೀ ನೋಡುವ ಲಿಂಕ್ ಇರುತ್ತದೆ. ಆರಾರು ಅಂಕೆಗಳ ಎಂಟು ಗುಂಪು. ಕಾಗದದ ಮೇಲೆ ಬರೆದು ಬಿಲ್ಲಿನ ಜೊತೆ ಇಡಿ. ಲ್ಯಾಪ್‌ಟಾಪಿನ ಒಳಗೇ ಸೇವ್ ಮಾಡಿಟ್ಟರೆ ಬೇಕಾದಾಗ ಸಿಗುವುದಿಲ್ಲ ಅಲ್ವಾ?

ಅಂಗಡಿಯವರೇ ಸೆಟಪ್ ಮಾಡಿಕೊಟ್ಟು ಆಗಿದೆ ಅನ್ನುವವರೂ ಇವತ್ತೇ ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ನೋಡಿ. ಅಲ್ಲಿರುವ ಇಮೇಲ್ ನಿಮ್ಮದಲ್ಲದಿದ್ದರೆ, ಫೈಲುಗಳು ಜಾಸ್ತಿ ತುಂಬಿಕೊಳ್ಳುವ ಮೊದಲೇ ‘ರೀಸೆಟ್ ದಿಸ್ ಪಿಸಿ’ ಮಾಡಿ ಮೊದಲಿನಿಂದ ಶುರು ಮಾಡುವುದೇ ಸಲೀಸು.

5. ಬೇಡದ್ದು ಹೊರಗೆ

512 ಜಿಬಿ ಅಂತ ಕೊಂಡದ್ದು 476 ಎಂದು ತೋರಿಸುತ್ತದೆ. ಮೋಸ ಆಗಿಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

ಜೊತೆಗೆ ಬಂದ ಆಂಟಿವೈರಸ್ ಟ್ರಯಲ್ ಇದ್ದರೆ ತೆಗೆದುಹಾಕಿ. ಟ್ರಯಲ್ ಮುಗಿದ ಮೇಲೆ ದಿನಾ ದುಡ್ಡು ಕೇಳುತ್ತದೆ. ಅದನ್ನು ತೆಗೆದರೆ ವಿಂಡೋಸ್‌ನದೇ ಡಿಫೆಂಡರ್ ತಾನಾಗಿ ಕೆಲಸಕ್ಕೆ ನಿಲ್ಲುತ್ತದೆ. ಮನೆ ಬಳಕೆಗೆ ಅಷ್ಟು ಸಾಕು. ಆಫೀಸ್ ಸಾಫ್ಟ್‌ವೇರ್ ಜೊತೆಗೆ ಬಂದಿದ್ದರೆ ಅದು ಜೀವನಪೂರ್ತಿಯದ್ದಾ, ವರ್ಷದ್ದಾ ಅಂತ ಬಿಲ್ಲಿನಲ್ಲಿ ನೋಡಿ, ಬೇಗ ಆ್ಯಕ್ಟಿವೇಟ್ ಮಾಡಿಕೊಳ್ಳಿ. ಅದಕ್ಕೆ ಗಡುವು ಇರುತ್ತದೆ.

ಒನ್‌ಡ್ರೈವ್ ವಿಷಯ ಸ್ವಲ್ಪ ಗಮನ ಕೊಟ್ಟು ನೋಡಬೇಕು. ಇಂಟರ್‌ನೆಟ್ಟಿನಲ್ಲಿ ಫೈಲ್ ಇಡಲು ಮೈಕ್ರೋಸಾಫ್ಟ್ ಕೊಡುವ ಜಾಗ ಇದು. ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಸುಮ್ನೆ ಮೇಲೆ ಕಳಿಸಲು ಶುರುಮಾಡಿರಬಹುದು. ಬಿಟ್ಟಿ ಸಿಗುವ ಜಾಗ 5 ಜಿಬಿ. ಮೊಬೈಲಿನಿಂದ ಒಂದು ಮದುವೆಯ ಫೋಟೊ ವಿಡಿಯೊ ಹಾಕಿದರೆ ತುಂಬಿ, ‘ಜಾಗ ಇಲ್ಲ, ದುಡ್ಡು ಕಟ್ಟಿ’ ಎಂಬ ರಗಳೆ ಶುರು. ಕೆಳಗಿನ ಬಲಮೂಲೆಯ ಮೋಡದ ಗುರುತು ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಬ್ಯಾಕಪ್’ಗೆ ಹೋಗಿ ಬೇಡದ ಫೋಲ್ಡರುಗಳನ್ನು ನಿಲ್ಲಿಸಿ. ನಿಲ್ಲಿಸಿದ ಮೇಲೆ ಫೈಲುಗಳು ಎಲ್ಲಿವೆ ಎಂದು ಕಣ್ಣಾರೆ ನೋಡಿಕೊಳ್ಳಿ. ಎಷ್ಟೋ ಸಲ ಅವು ಒನ್‌ಡ್ರೈವ್ ಫೋಲ್ಡರಿನಲ್ಲೇ ಉಳಿದಿರುತ್ತವೆ. ಅಲ್ಲಿಂದ ಅಳಿಸಿದರೆ ಎರಡೂ ಕಡೆ ಹೋಗುತ್ತದೆ!

6. ಕನ್ನಡ ಟೈಪ್ ಮಾಡಲು

ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಅಂಡ್ ಲ್ಯಾಂಗ್ವೇಜ್’, ಅದರೊಳಗೆ ‘ಲ್ಯಾಂಗ್ವೇಜ್ ಅಂಡ್ ರೀಜನ್’. ಅಲ್ಲಿ ಭಾಷೆ ಸೇರಿಸಿ ಎಂಬಲ್ಲಿ ಕನ್ನಡ ಆರಿಸಿ. ಇಡೀ ವಿಂಡೋಸ್ ಕನ್ನಡದಲ್ಲಿ ಕಾಣಬೇಕು ಅನ್ನುವವರು ಡಿಸ್‌ಪ್ಲೇ ಭಾಷೆಗೂ ಟಿಕ್ ಹಾಕಿಕೊಳ್ಳಬಹುದು. ಬರೀ ಟೈಪಿಂಗ್ ಸಾಕಾದರೆ ಆ ಟಿಕ್ ತೆಗೆಯಿರಿ. ಆಮೇಲೆ ಕನ್ನಡದ ಪಕ್ಕದ ಮೂರು ಚುಕ್ಕೆ ಒತ್ತಿ, ಕೀಬೋರ್ಡ್ ಸೇರಿಸಿ.

ಎರಡು ಬಗೆ ಸಿಗುತ್ತದೆ. ಒಂದು ಇನ್‌ಸ್ಕ್ರಿಪ್ಟ್, ಭಾರತದ ಹೆಚ್ಚಿನ ಭಾಷೆಗಳಿಗೂ ಒಂದೇ ಜೋಡಣೆ. ಇದರಲ್ಲಿ ‘ಕನ್ನಡ’ ಬರೆಯಲು ಕೆ, ವಿ, ಡಿ, ವಿ, ಆಮೇಲೆ ಚೌಕ ಬ್ರಾಕೆಟ್ ಒತ್ತಬೇಕು. ಕಲಿತವರ ಕೈ ಬಿರುಸಾಗಿ ಓಡುತ್ತದೆ, ಕಲಿಯದವರಿಗೆ ತಲೆನೋವು. ಇನ್ನೊಂದು ಫೊನೆಟಿಕ್. ವಾಟ್ಸ್‌ಆ್ಯಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹಾಗೆ ಬರೆದರೆ ಕನ್ನಡ ಪದಗಳನ್ನು ತೋರಿಸುತ್ತದೆ, ಬೇಕಾದದ್ದು ಆರಿಸಿಕೊಳ್ಳಬೇಕು. ಹೊಸಬರಿಗೆ ಇದೇ ಸರಿ. ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹೋಗಲು ವಿಂಡೋಸ್ ಕೀ ಹಿಡಿದು ಸ್ಪೇಸ್ ಬಾರ್ ಒತ್ತಿ.

ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿಯಲ್ಲಿ ಕೈ ಪಳಗಿದವರಿಗೆ ಬೇಕಾದದ್ದು ನುಡಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಬೋರ್ಡ್ ಜೋಡಣೆ ಅದರದ್ದು. ಅದರಲ್ಲಿ ‘ಕನ್ನಡ’ ಎಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಎಫ್ ಒತ್ತಿದರೆ ಒತ್ತಕ್ಷರ ಕೂಡುತ್ತದೆ, ಡಬ್ಲ್ಯೂ ಎಂದರೆ ಡ. ಇದು ವಿಂಡೋಸ್‌ನಲ್ಲಿ ಇರುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಹಾಕಿಕೊಳ್ಳಿ. ಬರೆಯುವಾಗ ಯುನಿಕೋಡ್ (ಯಾವ ಕಂಪ್ಯೂಟರ್, ಮೊಬೈಲಿನಲ್ಲೂ ಅಕ್ಷರ ಹಾಗೇ ಕಾಣುವ ಈಗಿನ ರೀತಿ) ಆರಿಸಿಕೊಂಡಿದ್ದೀರಾ ಎಂದು ಮಾತ್ರ ನೋಡಿ.

ಯಾಕೆಂದರೆ ಹಳೆಯ ಕಂಪ್ಯೂಟರಿನ ಫೈಲು ತಂದು ತೆರೆದಾಗ ‘ಕನ್ನಡ’ ಎಂದಿದ್ದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು ಕಂಡರೆ ಫೈಲು ಕೆಟ್ಟಿಲ್ಲ. ಅದು ಯುನಿಕೋಡ್ ಬರುವ ಮೊದಲಿನ ರೀತಿಯಲ್ಲಿ ಬರೆದದ್ದು. ಆ ಹಳೆಯ ನುಡಿ ಫಾಂಟ್ ಹಾಕಿದರೆ ಸರಿಯಾಗಿ ಕಾಣುತ್ತದೆ. ಒಂದೇ ಸಲಕ್ಕೆ ತೊಂದರೆ ಮುಗಿಯಬೇಕಾದರೆ ಕನ್ವರ್ಟರ್ ಬಳಸಿ ಯುನಿಕೋಡಿಗೆ ಬದಲಾಯಿಸಿಡಿ. ಸಂಘದ ಲೆಕ್ಕ, ತಾತನ ಕಾಲದ ವಂಶಾವಳಿ ಅಂಥವನ್ನು ಮೊದಲು.

ಟೈಪೇ ಬೇಡ ಅನ್ನುವವರಿಗೆ ಗೂಗಲ್ ಡಾಕ್ಸ್‌ನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಇದೆ. ನಿಧಾನಕ್ಕೆ ಮಾತಾಡಿದರೆ ಪರವಾಗಿಲ್ಲ ಅನ್ನುವಷ್ಟು ಬರೆಯುತ್ತದೆ.

7. ದಿನದ ಬಳಕೆಗೆ

ಪರದೆಯ ಒಂದು ತುಂಡು ಮಾತ್ರ ಫೋಟೊ ಬೇಕಾದರೆ ವಿಂಡೋಸ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ. ಪಹಣಿ, ಹಾಲ್ ಟಿಕೆಟ್, ರಸೀದಿ ಯಾವುದೇ ಇರಲಿ, ಪ್ರಿಂಟರ್ ಇಲ್ಲದಿದ್ದರೂ ಕಂಟ್ರೋಲ್ ಪಿ ಒತ್ತಿ ಪ್ರಿಂಟರ್ ಹೆಸರಿನ ಜಾಗದಲ್ಲಿ ಪಿಡಿಎಫ್ ಆರಿಸಿದರೆ ಫೈಲಾಗಿ ಉಳಿಯುತ್ತದೆ. ಎದ್ದು ಹೋಗುವಾಗ ವಿಂಡೋಸ್ ಮತ್ತು ಎಲ್ ಒತ್ತಿದರೆ ಲಾಕ್.

ಲ್ಯಾಪ್‌ಟಾಪ್ ಸುಮ್ಮನೆ ತಡವರಿಸುತ್ತಿದ್ದರೆ ಶಟ್‌ಡೌನ್ ಮಾಡಿ ಆನ್ ಮಾಡುವುದು ಸಾಲದು. ಶಟ್‌ಡೌನಿನಲ್ಲಿ ವಿಂಡೋಸ್ ಬೇಗ ಏಳಲೆಂದು ಒಂದಿಷ್ಟನ್ನು ನೆನಪಿಟ್ಟುಕೊಂಡೇ ಮಲಗುತ್ತದೆ. ರೀಸ್ಟಾರ್ಟ್ ಮಾಡಿದರೆ ಪೂರ್ತಿ ಹೊಸದಾಗಿ ಶುರುವಾಗುತ್ತದೆ.

ಯಾವಾಗಲೂ ಚಾರ್ಜಿಗೇ ಹಾಕಿಟ್ಟು ಕೆಲಸ ಮಾಡುವವರು ಕಂಪನಿಯ ಆ್ಯಪಿನಲ್ಲಿ ಚಾರ್ಜನ್ನು ಶೇಕಡ 80ಕ್ಕೆ ನಿಲ್ಲಿಸುವ ಆಯ್ಕೆ ಇದೆಯಾ ಹುಡುಕಿ. ತುಂಬಿದ ಬ್ಯಾಟರಿ ಬಿಸಿಯಲ್ಲಿದ್ದರೆ ಬೇಗ ಹಳೆಯದಾಗುತ್ತದೆ. ಹಾಸಿಗೆ ಮೇಲಿಟ್ಟು ಸಿನಿಮಾ ನೋಡುವಾಗ ಕೆಳಗಿನ ಗಾಳಿಯ ಕಿಂಡಿ ಮುಚ್ಚುತ್ತದೆ. ಒಂದು ಹಲಗೆಯೋ, ದಪ್ಪ ಪುಸ್ತಕವೋ ಅಡಿಗಿಡಿ.

ಕೊನೆಯದಾಗಿ, ಮನೆಯಲ್ಲಿ ಲ್ಯಾಪ್‌ಟಾಪ್ ಮುಟ್ಟುವ ಎಲ್ಲರಿಗೂ ಹೇಳಿಡಬೇಕಾದದ್ದು ಒಂದಿದೆ. ವೆಬ್‌ಸೈಟ್ ನೋಡುತ್ತಿದ್ದಾಗ ಪರದೆ ತುಂಬ ಕೆಂಪು ಬಣ್ಣ, ಕಿರುಚುವ ಸದ್ದು, ‘ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ಬಂದರೆ ಅದು ಮೈಕ್ರೋಸಾಫ್ಟ್ ಅಲ್ಲ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಎಸ್ಕೇಪ್ ಕೀಯನ್ನು ಹಾಗೇ ಒತ್ತಿ ಹಿಡಿಯಿರಿ. ಆಗಲೂ ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಬ್ರೌಸರ್ ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಯಾರೋ ಹೇಳಿದರೆಂದು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿ ಆಗಿದ್ದರೆ ಮೊದಲು ವೈಫೈ ಆಫ್ ಮಾಡಿ. ದುಡ್ಡು ಹೋಗಿದ್ದರೆ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಆ ಕ್ಷಣವೇ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಹೋಗುತ್ತದೆ.