ಸಿರಿಂಜ್ ಪಂಪು ಎಲ್ಲಿಗೆ ಹೋಗಿತ್ತು?

"ಸರ್, ಸಿರಿಂಜ್ ಪಂಪ್ ಎಲ್ಲೂ ಸಿಗವಲ್ದ್ರಿ." ರಾತ್ರಿ ಪಾಳಿಯಲ್ಲಿ ಐಸಿಯುನಿಂದ ಫೋನು ಬಂದರೆ ಇದೇ ಮಾತು. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನಾನು ಬಯೋಮೆಡಿಕಲ್ ಎಂಜಿನಿಯರ್. ಸೇಡಂ, ಆಳಂದ ಕಡೆಯಿಂದ ಬಿಪಿ ಕುಸಿದ ಸ್ಥಿತಿಯಲ್ಲಿ ಬಂದ ರೋಗಿಗೆ ಔಷಧಿಯನ್ನು ಗಂಟೆಗೆ ಇಷ್ಟೇ ಮಿಲಿಲೀಟರ್ ಎಂದು ಅಳೆದು ಕೊಡುವ ಯಂತ್ರ ಅದು. ಸ್ಟಾಕ್ ಪುಸ್ತಕದಲ್ಲಿ ಎಲ್ಲ ಪಂಪುಗಳೂ ಇದ್ದವು, ಕೈಗೆ ಸಿಗುತ್ತಿರಲಿಲ್ಲ.

ಅದಕ್ಕೇ ಆರ್‌ಎಫ್‌ಐಡಿ ಹಾಕಿದೆವು: ಯಂತ್ರಕ್ಕೊಂದು ಚಿಕ್ಕ ಟ್ಯಾಗು, ಅದರ ನಂಬರನ್ನು ರೇಡಿಯೋ ಅಲೆಯಿಂದ ದೂರದಿಂದಲೇ ಓದುವ ರೀಡರು ಬಾಗಿಲಲ್ಲಿ. ಟೋಲ್ ನಾಕಾದಲ್ಲಿ ಫಾಸ್ಟ್ಯಾಗ್ ಓದುವುದೂ ಇದೇ ತಂತ್ರದಿಂದ. ಟ್ಯಾಗಿಗೆ ಬ್ಯಾಟರಿ ಬೇಡ. ರೀಡರ್ ಕಳಿಸಿದ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರ್ ತಿಳಿಸುತ್ತದೆ.

ಮೊದಲ ವಾರ ನಿದ್ದೆಗೆಟ್ಟೆ. ಆಕ್ಸಿಜನ್ ಸಿಲಿಂಡರಿಗೆ ಅಂಟಿಸಿದ ಕಾಗದದ ಟ್ಯಾಗುಗಳನ್ನು ರೀಡರ್ ಓದಲೇ ಇಲ್ಲ. ಲೋಹಕ್ಕೆ ತಾಗಿದ ಟ್ಯಾಗಿನ ಆಂಟೆನಾ ಕೆಲಸ ಮಾಡುವುದಿಲ್ಲ, ಲೋಹಕ್ಕೆಂದೇ ತಯಾರಿಸಿದ ದಪ್ಪನೆಯ ಟ್ಯಾಗೇ ಬೇಕು. ನೀರಿನದೂ ತಕರಾರು, ಅದು ಅಲೆಯನ್ನು ಹೀರುತ್ತದೆ; ನಮ್ಮ ಮೈಯಲ್ಲಿ ಬಹುಪಾಲು ನೀರೇ. ವಾರ್ಡ್‌ಬಾಯ್ ಪಂಪನ್ನು ಎದೆಗವಚಿಕೊಂಡು ಬಾಗಿಲು ದಾಟಿದರೆ ಅವನ ಮೈಯೇ ಅಲೆಯನ್ನು ಹೀರಿಬಿಡುತ್ತಿತ್ತು. ಬಾಗಿಲಿನ ಎರಡೂ ಕಡೆ ಆಂಟೆನಾ ಹಾಕಿದ ಮೇಲೆ ಸರಿಹೋಯಿತು.

ಒಂದು ವಿಷಯದಲ್ಲಿ ನಾನು ಹಟ ಹಿಡಿದೆ: ಐಸಿಯು ಹಾಸಿಗೆಗಳ ಹತ್ತಿರ ರೀಡರ್ ಬೇಡ. 2008ರಲ್ಲಿ ಆಂಸ್ಟರ್‌ಡ್ಯಾಮ್‌ನ ಸಂಶೋಧಕರು 41 ವೈದ್ಯಕೀಯ ಉಪಕರಣಗಳ ಬಳಿ ಆರ್‌ಎಫ್‌ಐಡಿ ಇಟ್ಟು 123 ಪರೀಕ್ಷೆ ಮಾಡಿದ್ದರು. 34 ಸಲ ಉಪಕರಣಗಳಿಗೆ ಅಡಚಣೆಯಾಯಿತು, ಅದರಲ್ಲಿ 22 ಅಪಾಯಕಾರಿ. ಸಿರಿಂಜ್ ಪಂಪು ನಿಂತದ್ದೂ ಉಂಟು. ಆದ್ದರಿಂದ ರೀಡರುಗಳನ್ನು ಕಾರಿಡಾರಿನ ಬಾಗಿಲುಗಳಿಗಷ್ಟೇ ಹಾಕಿ, ನಮ್ಮ ಒಂದೊಂದೇ ಉಪಕರಣವನ್ನು ರೋಗಿಯಿಲ್ಲದಾಗ ಪರೀಕ್ಷಿಸಿದೆವು.

"ನಮ್ಮ ಮ್ಯಾಲ ಕಣ್ಣಿಡ್ಲಿಕ್ಕೇನ್ರಿ ಸರ್ ಇದು?" ಅಂತ ಇನ್‌ಚಾರ್ಜ್ ಸಿಸ್ಟರ್ ಕೇಳಿದರು. ನ್ಯಾಯವಾದ ಪ್ರಶ್ನೆ. ಸ್ಕ್ರೀನ್ ತೆರೆದು ತೋರಿಸಿದೆ: ಯಂತ್ರದ ನಂಬರು, ಬಾಗಿಲು, ಹೊತ್ತು, ಇಷ್ಟೇ. ಯಾರ ಹೆಸರೂ ಇಲ್ಲ.

ತಿಂಗಳೊಳಗೆ ಉತ್ತರ ಸಿಕ್ಕಿತು. ಪಂಪುಗಳು ಕಳೆದಿರಲಿಲ್ಲ. ವಾರ್ಡುಗಳ ಕಪಾಟಿನಲ್ಲಿ, ಮಡಚಿಟ್ಟ ಚಾದರಗಳ ಹಿಂದೆ ಇದ್ದವು. ವಾಪಸ್ ಕೊಟ್ಟರೆ ಮಧ್ಯರಾತ್ರಿ ಮತ್ತೆ ಸಿಗುವುದಿಲ್ಲ ಎಂಬ ಭಯಕ್ಕೆ ಸಿಸ್ಟರುಗಳು ಎತ್ತಿಟ್ಟಿದ್ದರು. ಅದು ಅವರ ತಪ್ಪೆಂದು ನಾನು ಹೇಳಲಾರೆ. ರೋಗಿಯ ಪಕ್ಕ ನಿಲ್ಲುವವರು ಅವರೇ.

ಐಸಿಯು ಪಕ್ಕದ ಕೋಣೆಯಲ್ಲಿ ಚಾರ್ಜ್ ಆದ ನಾಲ್ಕು ಪಂಪು ಸದಾ ಇರುವಂತೆ ಮಾಡಿದೆವು. ಚೀಟಿ, ಸಹಿ ಏನೂ ಬೇಡ, ಒಯ್ದರೆ ಬಾಗಿಲೇ ಬರೆದುಕೊಳ್ಳುತ್ತದೆ. ಕೆಲವು ವಾರಗಳ ನಂತರ ಅದೇ ಇನ್‌ಚಾರ್ಜ್ ಸಿಸ್ಟರ್ ಕಪಾಟು ತೆರೆದು ಎರಡು ಪಂಪು ಕೈಗಿಟ್ಟರು: "ಒಯ್ರಿ ಸರ್, ಚಾರ್ಜಿಗೆ ಹಚ್ರಿ."