ಎಲ್ಕ್ ಬೇಟೆಯ ರೈಫಲ್‌ಗೆ ನಾನು ಸ್ಕೋಪ್ ಆರಿಸಿದ ಬಗೆ

ಅಮೆರಿಕದ ಕೊಲೊರಾಡೊದ ಬೆಟ್ಟಗಳಿಗೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆಂದು ಹೊರಡುವವರಲ್ಲಿ ಹೆಚ್ಚಿನವರು ಸ್ಕೋಪ್, ಅಂದರೆ ಗುರಿಯಿಡಲು ರೈಫಲ್ ಮೇಲೆ ಕೂರಿಸುವ ದೂರದರ್ಶಕ, ಕೊಳ್ಳುವಾಗ ಅದು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ ಎಂಬುದನ್ನೇ ಮೊದಲು ವಿಚಾರಿಸುತ್ತಾರೆ. ನನ್ನ .30-06 ಅಳತೆಯ ತೋಟಾದ ರೈಫಲ್‌ಗೆ ವೇರಿಯಬಲ್ ಪವರ್ ಸ್ಕೋಪ್ (ದೊಡ್ಡದು ಮಾಡುವ ಪಟ್ಟನ್ನು, ಅಂದರೆ ಪವರನ್ನು, ಬದಲಾಯಿಸಬಹುದಾದದ್ದು) ಆರಿಸುವಾಗ ನಾನು ನೋಡಿದ್ದು ಇದರ ಇನ್ನೊಂದು ತುದಿಯನ್ನು, ಅಂದರೆ ಅದರ ಅತಿ ಕಡಿಮೆ ಪವರ್ ಎಷ್ಟು ಎಂಬುದನ್ನು. ಈ ಆಯ್ಕೆಯ ಹಿಂದಿನ ಲೆಕ್ಕಾಚಾರವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಕೊಡಗಿನಲ್ಲಿ ಬೆಳೆದ ನನಗೆ ಕೋವಿ ಹೊಸದಲ್ಲ; ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಬರಿಗಣ್ಣಿನಿಂದ ಗುರಿಯಿಟ್ಟವರ ನಡುವೆಯೇ ದೊಡ್ಡವನಾದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದ ನಮಗೆ ಬೇಟೆಯೆಂಬುದು ಹಿರಿಯರ ಮಾತಿನಲ್ಲಿ ಕೇಳಿದ ಸಂಗತಿ ಮಾತ್ರ. ಅಮೆರಿಕಕ್ಕೆ ಬಂದು, ಇಲ್ಲಿನ ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಿ, ಪರವಾನಗಿ ಪಡೆದ ಮೇಲೆಯೇ ಸ್ಕೋಪಿನ ಅಗತ್ಯ ಬಿದ್ದದ್ದು.

ಇಲ್ಲಿ ಎಲ್ಕ್ ಕಾಣಸಿಗುವ ಜಾಗಗಳು ಎರಡು ಬಗೆಯವು. ಬೆಳಗಿನ ಜಾವ ಮತ್ತು ಸಂಜೆ ಅವು ಬಯಲು ಹುಲ್ಲುಗಾವಲಿಗೆ ಇಳಿದಾಗ ಇನ್ನೂರು, ಮುನ್ನೂರು ಗಜಗಳ ಅಂತರವಿರುತ್ತದೆ. ಹಗಲೇರಿದ ಮೇಲೆ ಅವು ಸ್ಪ್ರೂಸ್ ಮರಗಳ ದಟ್ಟ ಕಾಡಿನೊಳಗೆ ಸೇರಿಕೊಂಡರೆ ನಲವತ್ತು ಗಜದಲ್ಲಿ ಎದ್ದು ಓಡುವ ಪ್ರಾಣಿಯೇ ಎದುರಾಗಬಹುದು. ದೂರದ ಗುರಿಗೆ ಬಹಳ ಪವರ್ ಬೇಕೆಂಬುದು ನಿಜವಲ್ಲ, ಏಕೆಂದರೆ ಎಲ್ಕ್‌ನ ಹೃದಯ ಮತ್ತು ಶ್ವಾಸಕೋಶದ ಭಾಗ ಒಂದು ಅಡಿಗಿಂತ ಅಗಲವಾಗಿರುತ್ತದೆ. ಮುನ್ನೂರು ಗಜದಲ್ಲಿ ಎಂಟು ಪಟ್ಟು ಧಾರಾಳವಾಗಿ ಸಾಕು. ಆದರೆ ಕಾಡಿನೊಳಗೆ ಆರು ಪಟ್ಟಿನಲ್ಲಿ ನೋಡಿದರೆ ಕಾಣುವುದು ಕಂದು ಬಣ್ಣದ ಕೂದಲು ಮಾತ್ರ. ಅದು ಭುಜವೋ ತೊಡೆಯೋ, ಹಿಂದೆ ಇನ್ನೊಂದು ಪ್ರಾಣಿ ನಿಂತಿದೆಯೋ ಎಂದು ತಿಳಿಯುವುದಿಲ್ಲ. ಎರಡೂವರೆ ಪಟ್ಟಿನಲ್ಲಿ ನೂರು ಗಜಕ್ಕೆ ಸುಮಾರು 37 ಅಡಿ ಅಗಲದ ದೃಶ್ಯ ಕಾಣುತ್ತದೆ, ಎಂಟು ಪಟ್ಟಿನಲ್ಲಿ ಅದು 14 ಅಡಿಯೊಳಗೆ ಕುಗ್ಗುತ್ತದೆ. ಈ ಕಾರಣಕ್ಕೇ ನಾನು 4-16 ಪಟ್ಟಿನ ಸ್ಕೋಪುಗಳನ್ನು ಬದಿಗಿಟ್ಟು, 2.5-8x36 ಮತ್ತು 3-9x40 ಎಂಬ ಎರಡು ಅಳತೆಗಳ ನಡುವೆ ನಿಂತೆ (ಮೊದಲೆರಡು ಅಂಕಿಗಳು ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಪವರ್, ಕೊನೆಯದು ಮುಂದಿನ ಮಸೂರದ ವ್ಯಾಸ, ಮಿ.ಮೀ.ಗಳಲ್ಲಿ).

ಬೆಳಕಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಕೊಲೊರಾಡೊದಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ನಂತರದವರೆಗೆ ಗುಂಡು ಹಾರಿಸಲು ಅವಕಾಶವಿದೆ, ಮತ್ತು ಎಲ್ಕ್ ಹೊರಬರುವುದು ಬಹುಪಾಲು ಆ ಅರೆಗತ್ತಲಲ್ಲೇ. ಸ್ಕೋಪಿನ ಮುಂದಿನ ಮಸೂರದ ವ್ಯಾಸವನ್ನು ಪವರ್‌ನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ವೃತ್ತದ ಅಳತೆ ಸಿಗುತ್ತದೆ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಅಗಲಿಸುವುದೇ ಐದರಿಂದ ಏಳು ಮಿಲಿಮೀಟರ್, ವಯಸ್ಸಾದಂತೆ ಅದೂ ಕಡಿಮೆಯಾಗುತ್ತದೆ. 36 ಮಿ.ಮೀ. ಮಸೂರವನ್ನು ಆರು ಪಟ್ಟಿನಲ್ಲಿಟ್ಟರೆ 6 ಮಿ.ಮೀ. ವೃತ್ತ ಬರುತ್ತದೆ, 50 ಮಿ.ಮೀ. ಮಸೂರವನ್ನು ಹದಿನಾರು ಪಟ್ಟಿನಲ್ಲಿಟ್ಟರೆ ಬರುವುದು ಮೂರು ಮಿ.ಮೀ. ಚಿಲ್ಲರೆ. ದೊಡ್ಡ ಮಸೂರವೆಂದರೆ ಹೆಚ್ಚು ಬೆಳಕು ಎಂಬ ಮಾತು ಪವರ್ ಎಷ್ಟರಲ್ಲಿದೆ ಎಂಬುದನ್ನು ಬಿಟ್ಟು ನಿಲ್ಲುವುದಿಲ್ಲ. ಅದೂ ಅಲ್ಲದೆ 50 ಮಿ.ಮೀ. ಮಸೂರಕ್ಕೆ ಸ್ಕೋಪನ್ನು ಕೋವಿಗೆ ಹಿಡಿದಿಡುವ ಎತ್ತರದ ರಿಂಗ್‌ಗಳು ಬೇಕಾಗುತ್ತವೆ, ಆಗ ಕೆನ್ನೆ ಕೋವಿಯ ಮರದ ಮೇಲೆ ಸರಿಯಾಗಿ ಕೂರುವುದಿಲ್ಲ.

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಸ್ಕೋಪುಗಳೂ ಚೆನ್ನಾಗಿಯೇ ಕಾಣುತ್ತವೆ. ಹಾಗಾಗಿ ಅಂಗಡಿಯವರನ್ನು ಕೇಳಿಕೊಂಡು, ಮುಚ್ಚುವ ಹೊತ್ತಿನಲ್ಲಿ ಎರಡೂ ಸ್ಕೋಪುಗಳನ್ನು ಹೊರಗೆ ತಂದು, ಒಂದೇ ಪವರ್‌ಗೆ ತಿರುಗಿಸಿ, ಎದುರಿನ ಮರಗಳ ಬುಡದ ನೆರಳನ್ನು ನೋಡುತ್ತ ನಿಂತೆ. ತೊಗಟೆಯ ಬಿರುಕುಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮರೆಯಾದವು. ವ್ಯತ್ಯಾಸ ಕಂಡದ್ದು ಕ್ರಾಸ್‌ಹೇರಿನಲ್ಲಿ, ಅಂದರೆ ಗುರಿಯಿಡಲು ಸ್ಕೋಪಿನೊಳಗೆ ಕಾಣುವ ಅಡ್ಡ-ಉದ್ದ ಎಳೆಗಳಲ್ಲಿ. ಒಂದರ ಎಳೆಗಳು ತೀರ ತೆಳುವಾಗಿದ್ದು ಕಪ್ಪಿನಲ್ಲಿ ಕರಗಿಹೋದವು. ಇನ್ನೊಂದರಲ್ಲಿ ಹೊರಭಾಗ ದಪ್ಪ, ನಡುಭಾಗ ಮಾತ್ರ ತೆಳು. ನಡುವಿನ ಎಳೆ ಕಾಣದಾದಾಗಲೂ ಆ ನಾಲ್ಕು ದಪ್ಪ ಪಟ್ಟಿಗಳು ಕಣ್ಣನ್ನು ಮಧ್ಯಕ್ಕೆ ಕರೆದೊಯ್ಯುತ್ತಿದ್ದವು. ನಾನು ಕೊಂಡದ್ದು ಅದನ್ನೇ, ಲ್ಯೂಪೋಲ್ಡ್‌ನ 2.5-8x36. ತೂಕ ಸುಮಾರು 325 ಗ್ರಾಂ, ಅಂದರೆ ಕೆಲವು 4-16x50 ಸ್ಕೋಪುಗಳ ಅರ್ಧದಷ್ಟು. ಹತ್ತು ಸಾವಿರ ಅಡಿ ಎತ್ತರದಲ್ಲಿ ದಿನವಿಡೀ ಹೆಗಲಲ್ಲಿ ಹೊರುವವರಿಗೆ ಇದು ಸಣ್ಣ ಮಾತಲ್ಲ.

ದೂರಕ್ಕೆ ತಕ್ಕ ಗುರುತುಗಳುಳ್ಳ ಕ್ರಾಸ್‌ಹೇರ್ ನನಗೆ ಬೇಡವೆನಿಸಿತು. ಬೇಟೆಯ ಸ್ಕೋಪುಗಳಲ್ಲಿ ಬಹುಪಾಲು ಎರಡನೆಯ ಫೋಕಲ್ ಪ್ಲೇನ್‌ನವು. ಅವುಗಳಲ್ಲಿ ಪವರ್ ಬದಲಾದರೂ ಕ್ರಾಸ್‌ಹೇರಿನ ಗಾತ್ರ ಬದಲಾಗದ ಕಾರಣ, ಆ ಗುರುತುಗಳು ನಿಗದಿತ ಒಂದು ಪವರ್‌ನಲ್ಲಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ, ಮಾತ್ರ ಸರಿಯಾದ ಅಂತರ ಹೇಳುತ್ತವೆ. ಪ್ರಾಣಿ ಎದುರಿಗಿರುವಾಗ ಇದು ನೆನಪಿರುತ್ತದೆಂದು ನಂಬುವುದು ಅಪಾಯ.

ಕೂರಿಸುವ ಕೆಲಸದಲ್ಲಿ ನಾನು ಹೆಚ್ಚು ಸಮಯ ಕೊಟ್ಟದ್ದು ಕಣ್ಣಿಗೂ ಸ್ಕೋಪಿಗೂ ನಡುವಿನ ಅಂತರಕ್ಕೆ. ಗುಂಡು ಹಾರಿದಾಗ .30-06 ಜೋರಾಗಿಯೇ ಹಿಂದಕ್ಕೆ ಒದೆಯುತ್ತದೆ. ಏರುಮುಖವಾಗಿ ಮಲಗಿ ಹೊಡೆಯುವಾಗ ಮುಖ ತಾನಾಗಿ ಮುಂದೆ ಸರಿಯುವುದರಿಂದ ಸ್ಕೋಪಿನ ಅಂಚು ಬಡಿದು ಹುಬ್ಬು ಸೀಳಿಕೊಂಡವರು ಬೇಕಾದಷ್ಟು ಮಂದಿ. ಬೇಟೆಯ ದಪ್ಪ ಜಾಕೆಟ್ ತೊಟ್ಟು, ಈ ಅಂತರ ಅತಿ ಕಡಿಮೆಯಿರುವ ಎಂಟು ಪಟ್ಟಿಗೆ ಸ್ಕೋಪನ್ನು ತಿರುಗಿಸಿ, ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ, ಕಣ್ಣು ತೆರೆದಾಗ ಪೂರ್ಣ ವೃತ್ತ ಕಾಣುವವರೆಗೆ ಸ್ಕೋಪನ್ನು ಹಿಂದೆಮುಂದೆ ಸರಿಸಿ, ಆಮೇಲೆ ತಿರುಪುಗಳನ್ನು ತಯಾರಕರು ಹೇಳಿದ ಬಿಗಿಗೆ ಟಾರ್ಕ್ ರೆಂಚಿನಿಂದ ಬಿಗಿದೆ.

180 ಗ್ರೇನ್ ತೂಕದ ಗುಂಡಿಗೆ ಇನ್ನೂರು ಗಜದಲ್ಲಿ ಗುರಿ ಹೊಂದಿಸಿದ್ದೇನೆ. ನೂರು ಗಜದಲ್ಲಿ ಅದು ಸುಮಾರು ಎರಡು ಅಂಗುಲ ಮೇಲೆ, ಮುನ್ನೂರರಲ್ಲಿ ಎಂಟೊಂಬತ್ತು ಅಂಗುಲ ಕೆಳಗೆ ಬೀಳುತ್ತದೆ. ನನ್ನ ಮಟ್ಟಿಗೆ ಮುನ್ನೂರೇ ಗಡಿ. ಒಂದೇ ಗುರಿಹಲಗೆಗೆ ಕಡಿಮೆ ಪವರ್‌ನಲ್ಲೂ ಹೆಚ್ಚಿನದರಲ್ಲೂ ಹೊಡೆದು, ಪವರ್ ತಿರುಗಿಸಿದಾಗ ಗುಂಡು ಬೀಳುವ ಜಾಗ ಸರಿಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ನಡೆಯುವಾಗ ಸ್ಕೋಪ್ ಯಾವಾಗಲೂ ಎರಡೂವರೆಯಲ್ಲೇ ಇರುತ್ತದೆ. ದೂರದ ಪ್ರಾಣಿಯಾದರೆ ಪವರ್ ಏರಿಸಿಕೊಳ್ಳಲು ಸಮಯವಿರುತ್ತದೆ, ಹತ್ತಿರದ್ದಾದರೆ ಇಳಿಸಲು ಇರುವುದಿಲ್ಲ.