ವಕೀಲರ ಕಚೇರಿಯಿಂದ ಬಂದ ಲಕೋಟೆಗಳು

ದಿನದ ಟಪಾಲಿನಲ್ಲಿ ಸ್ಮರಣಾರ್ಥ ಅಂಚೆ ಚೀಟಿ, ಅಂದರೆ ವ್ಯಕ್ತಿ, ಘಟನೆಗಳ ನೆನಪಿಗೆ ಹೊರಡಿಸುವ ಚೀಟಿ, ಸಿಗುವ ಕಾಲ ಮುಗಿಯಿತೆಂದು ನಮ್ಮ ಚೀಟಿ ಸಂಗ್ರಹಕಾರರ ಬಳಗದ ಹಿರಿಯರು ಹೇಳುತ್ತಲೇ ಇದ್ದರು. ಬ್ಯಾಂಕಿನ ಲಕೋಟೆಗೆ ಚೀಟಿಯ ಬದಲು ಫ್ರಾಂಕಿಂಗ್ ಯಂತ್ರದ ಮುದ್ರೆ, ಸ್ಪೀಡ್ ಪೋಸ್ಟಿಗೆ ಬಾರ್‌ಕೋಡ್, ಮದುವೆಯ ಕರೆಯೋಲೆ ವಾಟ್ಸ್‌ಆ್ಯಪಿನಲ್ಲಿ. ಮಾತು ಸುಳ್ಳಲ್ಲ. ಹೇಗೂ ಹೋಗಲೇಬೇಕಾದ ಟಪಾಲಿಗೆ ನಮಗೆ ಬೇಕಾದ ಚೀಟಿಯನ್ನು ನಾವೇ ಒದಗಿಸಿದರೆ ಹೇಗೆ ಎಂದು ನಾನು ಕೇಳಿದಾಗ ನಕ್ಕರು. ನಕ್ಕವರಲ್ಲಿ ಇಬ್ಬರು ಈಗ ‘ಒಂದೇ ಬಗೆಯದು ಎರಡಿದ್ದರೆ ಒಂದು ಕೊಡಿ’ ಎನ್ನುತ್ತಾರೆ.

ಅದಕ್ಕೆ ಮೊದಲು ಬಳಸಿದ ಚೀಟಿಗಳನ್ನು ತೂಕದ ಲೆಕ್ಕದಲ್ಲಿ ಕೊಂಡು ಕೈ ಸುಟ್ಟುಕೊಂಡಿದ್ದೆ. ಕಿಲೋಗೆ ಒಂದೂವರೆ ಸಾವಿರದ ಆಸುಪಾಸು ಕೊಟ್ಟ ನೆನಪು. ಮುಕ್ಕಾಲು ಪಾಲು ಒಂದೇ ಗಾಂಧಿ ಚೀಟಿ, ಉಳಿದದ್ದರಲ್ಲಿ ಅಂಚಿನ ಹಲ್ಲು ಮುರಿದವೇ ಹೆಚ್ಚು. ಎಲ್ಲ ಸೇರಿ ಎಂಟೊಂಬತ್ತು ಸಾವಿರ ಹೋಯಿತು. ಹಳೆಯ ಲಕೋಟೆ ಕೊಡಿ ಎಂದು ಪರಿಚಯದವರನ್ನು ಕೇಳಿದರೆ, ಅವರು ಚೀಟಿಯನ್ನಷ್ಟೇ ಚೌಕವಾಗಿ ಹರಿದು, ಅಂಚೆ ಕಚೇರಿಯ ತಾರೀಖಿನ ಮುದ್ರೆಯಾದ ಠಸ್ಸೆಯನ್ನು ಅರ್ಧಕ್ಕೆ ಕತ್ತರಿಸಿ ಪ್ರೀತಿಯಿಂದ ಕೊಡುತ್ತಿದ್ದರು. ಅಂಥವರಿಗೆ ಏನು ಹೇಳುವುದು!

ದಾರಿ ತೆರೆದದ್ದು ಪರಿಚಯದ ವಕೀಲರೊಬ್ಬರ ಕಚೇರಿಯಲ್ಲಿ. ತಿಂಗಳಿಗೆ ನಲವತ್ತೈವತ್ತು ನೋಟಿಸ್ ಅಲ್ಲಿಂದ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಗುತ್ತಿದ್ದವು. 2018ರ ಸುಮಾರಿನ ಮಾತು. ಆಗ ಕನಿಷ್ಠ ದರ 22 ರೂಪಾಯಿ, ಸ್ವೀಕೃತಿ ಕಾರ್ಡಿಗೆ ಇನ್ನು 3. ಐದು ರೂಪಾಯಿಯ ಐದು ಚೀಟಿಗಳಿಗೆ ಲೆಕ್ಕ ಸರಿಹೋಗುತ್ತಿತ್ತು. ಸಂಗ್ರಹಕಾರರು ಮುಂಗಡ ಕಟ್ಟಿಟ್ಟರೆ ಅಂಚೆ ಇಲಾಖೆ ಹೊಸ ಚೀಟಿ ಕಳಿಸುವ ಠೇವಣಿ ಖಾತೆಯಲ್ಲಿ ನನಗೆ ಬಂದ ಚೀಟಿಗಳನ್ನು ಮುಖಬೆಲೆಗೇ ಗುಮಾಸ್ತರಿಗೆ ಕೊಟ್ಟೆ. ಅವರಿಗೆ ಒಂದು ಪೈಸೆ ಹೆಚ್ಚಿಲ್ಲ, ನನಗೆ ಬಂಡವಾಳವಷ್ಟೇ ಸಿಕ್ಕಿಬಿದ್ದದ್ದು. ಒಂದು ಹಂತದಲ್ಲಿ ಏಳೆಂಟು ಸಾವಿರ ಹೊರಗಿತ್ತು. ಮನೆಯಲ್ಲಿ ಅದರ ಬಗ್ಗೆ ಮಾತು ಬಂದದ್ದೂ ಉಂಟು.

ಲಾಭ ಇರುವುದು ವಿಲೇವಾರಿಯಾಗದೆ ಮರಳಿದ ಲಕೋಟೆಗಳಲ್ಲಿ. ‘ಬಾಗಿಲು ಹಾಕಿದೆ’, ‘ನಿರಾಕರಿಸಿದರು’, ‘ಊರು ಬಿಟ್ಟಿದ್ದಾರೆ’ ಎಂದು ಪೋಸ್ಟ್‌ಮ್ಯಾನ್ ಬರೆದ ಷರಾ, ಹಿಂಬದಿಯಲ್ಲಿ ಎರಡು ಮೂರು ಕಚೇರಿಗಳ ತಾರೀಖಿನ ಠಸ್ಸೆ, ಮುಂದೆ ಐದು ಚೀಟಿ. ಚೀಟಿ ಬಿಡುಗಡೆಯಾದ ದಿನದ ಠಸ್ಸೆ ಹೊತ್ತು, ಕೌಂಟರಿನಲ್ಲಿ ದುಡ್ಡು ಕೊಟ್ಟು ಕೊಳ್ಳುವ ಪ್ರಥಮ ದಿನದ ಲಕೋಟೆಗೆ ಈ ಜೀವ ಎಲ್ಲಿಂದ ಬರಬೇಕು? ಒಂದೇ ತೊಡಕೆಂದರೆ ಇವು ನ್ಯಾಯಾಲಯದಲ್ಲಿ ಸಾಕ್ಷಿ. ದಾವೆ ಮುಗಿದು, ಕಡತ ವಿಲೇವಾರಿಗೆ ಬಂದು, ವಕೀಲರು ಒಪ್ಪಿದ ಮೇಲಷ್ಟೇ ನನ್ನ ಕೈಗೆ. ಹಾಗಾಗಿ ಮೊದಲ ಕಟ್ಟು ಬರುವಷ್ಟರಲ್ಲಿ ವರ್ಷಗಳೇ ಕಳೆದವು. ಪ್ರದರ್ಶನಕ್ಕೆ ಇಡುವಾಗ ಹೆಸರು, ವಿಳಾಸದ ಮೇಲೆ ಕಾಗದದ ಪಟ್ಟಿ ಇಡುತ್ತೇನೆ. ಶಾಯಿ ಬಳಿದವರನ್ನು ಕಂಡರೆ ನನಗೆ ಆಗದು.

ಐದು ಚೀಟಿಯ ಮೇಲೂ ಠಸ್ಸೆ ದುಂಡಗೆ, ತಾರೀಖು ಓದುವಂತೆ ಬೀಳುವುದು ಹೇಗೆಂದು ಎಲ್ಲರೂ ಕೇಳುತ್ತಾರೆ. ಮಧ್ಯಾಹ್ನ ಜನ ಕಡಿಮೆ ಇರುವಾಗ ಹೋಗಬೇಕು ಎಂಬಷ್ಟನ್ನು ಹೇಳಬಲ್ಲೆ. ಉಳಿದದ್ದು ನನಗೂ ಗುಮಾಸ್ತರಿಗೂ ಇರಲಿ.

ನಡುವೆ ಚಿತ್ರ ಮೊಹರಿನ, ಅಂದರೆ ಕೆಲವು ಊರಿನ ಅಂಚೆ ಕಚೇರಿಗಳಲ್ಲಿ ಹಾಕುವ ಚಿತ್ರವುಳ್ಳ ಠಸ್ಸೆಯ, ಹುಚ್ಚೂ ಹತ್ತಿತ್ತು. ಸ್ವವಿಳಾಸದ ಲಕೋಟೆಗೆ ಚೀಟಿ ಹಚ್ಚಿ, ಬೇಲೂರು, ಹಳೇಬೀಡು, ಹಂಪಿ, ಶ್ರವಣಬೆಳಗೊಳದ ಪೋಸ್ಟ್‌ಮಾಸ್ಟರರಿಗೆ ಒಂದು ವಿನಂತಿ ಪತ್ರದೊಡನೆ ಕಳಿಸುತ್ತಿದ್ದೆ. ಅರ್ಧದಷ್ಟು ಸಾಮಾನ್ಯ ಠಸ್ಸೆ ಬಿದ್ದೇ ಬಂದವು. ವಿನಂತಿಯನ್ನು ಕನ್ನಡದಲ್ಲಿ, ಕೈಯಲ್ಲೇ ಬರೆದು, ಮೊಹರು ಬೀಳಬೇಕಾದ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ ಮೇಲೆ ಪರಿಸ್ಥಿತಿ ಸುಧಾರಿಸಿತು.

ಪರಿಮಳದ ಚೀಟಿಯ ಪ್ರಯೋಗವನ್ನೂ ಹೇಳಿಬಿಡುತ್ತೇನೆ. 2006ರ ಶ್ರೀಗಂಧದ 15 ರೂಪಾಯಿ ಚೀಟಿ, ಮೂಲೆ ಹರಿದದ್ದೊಂದು, ನನ್ನಲ್ಲಿತ್ತು. ಲಕೋಟೆಯಿಂದ ಬಿಡಿಸಲು ನೀರಿನಲ್ಲಿ ನೆನೆಸಿ ಒಣಗಿಸಿದೆ. ಇದ್ದಬದ್ದ ವಾಸನೆಯೂ ಹೋಯಿತು. ಅಂದಿನಿಂದ ಅಂಥವನ್ನು, 2017ರ 100 ರೂಪಾಯಿಯ ಕಾಫಿ ಚೀಟಿಯನ್ನೂ, ಲಕೋಟೆಯ ಮೇಲೇ ಬಿಡುತ್ತೇನೆ. ಅಮೆರಿಕದ ನೆಂಟರ ಪತ್ರಗಳ ಈಚಿನ ಅಂಟುಚೀಟಿ ನೀರಿಗೆ ಜಗ್ಗುವುದಿಲ್ಲ. ಸಿಗರೇಟ್ ಲೈಟರಿಗೆ ತುಂಬುವ ದ್ರವವನ್ನು ಕಾಗದದ ಹಿಂಬದಿಯಿಂದ ಸವರಿದರೆ ಬಿಡುತ್ತದೆ. ಬಿಟ್ಟ ಮೇಲೆ ಅಂಟಿಗೆ ಟಾಲ್ಕಂ ಪೌಡರ್ ಹಾಕಲೇಬೇಕು. ಕಿಟಕಿ ತೆರೆದಿರಲಿ, ಒಲೆ ದೂರವಿರಲಿ.

2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ವಿಲೀನವಾಯಿತು. ನನ್ನಲ್ಲಿ ಸುಮಾರು ಮುನ್ನೂರು ಮರಳಿದ ಲಕೋಟೆಗಳಿವೆ, ಇನ್ನೊಂದಿಷ್ಟು ಕಡತಗಳಲ್ಲಿ ಕುಳಿತಿವೆ. ಲಕೋಟೆಗೆ ಇನ್ನೂರೈವತ್ತು ಕೊಡುತ್ತೇನೆಂದು ಈಚೆಗೆ ಒಬ್ಬರು ಬಂದಿದ್ದರು. ಕೊಡಲಿಲ್ಲ. ‘ನಿರಾಕರಿಸಿದರು’ ಷರಾ ಇರುವ ಎರಡು ಹೆಚ್ಚುವರಿ ಲಕೋಟೆ ಮಾತ್ರ ವಿನಿಮಯಕ್ಕಿವೆ, ಅದೂ ಶುದ್ಧವಾಗಿ ಬಿದ್ದ ಹಳೇಬೀಡಿನ ಚಿತ್ರ ಮೊಹರಿಗೆ.